ಕುರುಕ್ಷೇತ್ರದ ಸೀಡಿ, ಹೊಸ ಕಂಪ್ಯೂಟರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ಆ ತಾರೀಕಿನ ಬಿಸಿ ನಮ್ಮ ತುಮಕೂರಿಗೂ ತಟ್ಟಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಪ್ರೊಸೆಸರೂ ಈಚಿನದಾಗಿರಬೇಕು. ಹಾಗಾಗಿ ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಸಣ್ಣ ಕಚೇರಿಗಳಲ್ಲಿ, ಅದರ ಸುತ್ತಲ ಬಡಾವಣೆಗಳ ಮನೆಗಳಲ್ಲಿ, ಇನ್ನೂ ಚೆನ್ನಾಗಿಯೇ ಓಡುತ್ತಿದ್ದ ಕಂಪ್ಯೂಟರುಗಳೂ ಮೂಲೆಗೆ ಸರಿದವು. ಹೊಸದು ಬಂತು. ಫೋಟೋಗಳು ಬಂದವು, ಲೆಕ್ಕಪತ್ರ ಬಂತು, ಮಕ್ಕಳ ಪ್ರಾಜೆಕ್ಟುಗಳು ಬಂದವು. ಎಲ್ಲ ಸರಿಯಾಯಿತು ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ಯಾರೋ ಒಬ್ಬರು ಬೀರುವಿನಿಂದ ಹಳೆಯ ಸೀಡಿ ತೆಗೆಯುತ್ತಾರೆ. ಅಜ್ಜ ದುರ್ಯೋಧನನ ಪಾರ್ಟು ಮಾಡಿದ್ದ ನಾಟಕದ ಸೀಡಿ. ಹೊಸ ಯಂತ್ರ ಅದನ್ನು ನೋಡಿ, ಈ ಫೈಲನ್ನು ಯಾವುದರಲ್ಲಿ ತೆರೆಯಬೇಕು ಎಂದು ಕೇಳುತ್ತದೆ. ಯಾವುದನ್ನು ಆರಿಸಿದರೂ ತೆರೆಯುವುದಿಲ್ಲ. ಸರಿ, ಸೀಡಿ ಹಾಳಾಗಿದೆ ಅಂದುಕೊಂಡು ಅದನ್ನು ಗುಜರಿಗೆ ಹಾಕುತ್ತಾರೆ.

ಹಾಗೆ ಹಾಕಬೇಡಿ ಎಂದು ಬೇಡಿಕೊಳ್ಳುವುದಕ್ಕೇ ನಾನು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ತೆರೆಯದ ಫೈಲೆಲ್ಲ ಹಾಳಾದ ಫೈಲಲ್ಲ. ಬಹಳಷ್ಟು ಸಲ ಅದರೊಳಗಿನ ಚಿತ್ರ, ದನಿ ಎರಡೂ ಇದ್ದ ಹಾಗೇ ಇರುತ್ತವೆ. ಅದನ್ನು ಓದುವ ಬಗೆ ಹೊಸ ವ್ಯವಸ್ಥೆಗೆ ಗೊತ್ತಿರುವುದಿಲ್ಲ, ಅಷ್ಟೆ.

ಎಲ್ಲ ಬಿಟ್ಟು ನಾಟಕದ ಸೀಡಿಯನ್ನೇ ಯಾಕೆ ಎತ್ತಿಕೊಂಡೆ ಅನ್ನಬಹುದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಜಾತ್ರೆ, ಹಬ್ಬ ಎಂದರೆ ಪೌರಾಣಿಕ ನಾಟಕ, ಪೌರಾಣಿಕ ನಾಟಕ ಎಂದರೆ ಬಹುಮಟ್ಟಿಗೆ ಕುರುಕ್ಷೇತ್ರ. ಬೇಸಾಯಗಾರರು, ಬಸ್ಸಿನ ಡ್ರೈವರುಗಳು, ಶಾಲೆಯ ಮೇಷ್ಟ್ರುಗಳು, ಅಂಗಡಿ ಇಟ್ಟುಕೊಂಡವರು, ಎಲ್ಲ ತಮ್ಮ ಕೈಯಿಂದಲೇ ದುಡ್ಡು ಹಾಕಿ ಪಾರ್ಟು ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಸಂಜೆ ಸಂಜೆ ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ದ್ರೌಪದಿಯ ಪಾತ್ರಕ್ಕೆ ವೃತ್ತಿ ಕಲಾವಿದೆ ಬರುತ್ತಾರೆ, ರಾತ್ರಿ ಶುರುವಾದ ನಾಟಕ ಬೆಳಕು ಹರಿಯುವವರೆಗೆ ನಡೆಯುತ್ತದೆ. ಊರಿನ ಬಯಲಲ್ಲಿ ನಡೆಯುವ ಇದೇ ನಾಟಕ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ನಡೆಯುತ್ತದೆ.

ಈ ನಾಟಕಗಳಲ್ಲಿ ಹಾಡುವ ಮಟ್ಟುಗಳು ಕಿವಿಯಿಂದ ಕಿವಿಗೆ ಬಂದವು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ಅಂಥ ವೃತ್ತಿ ಕಂಪನಿಗಳ ರಂಗದಿಂದ ಹಳ್ಳಿಯ ರಂಗಕ್ಕೆ ಇಳಿದ ಹಾಡುಗಾರಿಕೆ ಒಬ್ಬೊಬ್ಬ ಮೇಷ್ಟ್ರ ಕೈಯಲ್ಲಿ ಒಂದೊಂದು ತಿರುವು ಪಡೆಯಿತು. ಕರ್ಣನ ಅದೇ ಪದ್ಯವನ್ನು ಕುಣಿಗಲ್ ಕಡೆ ಒಬ್ಬರು ಎಳೆದು ಹಾಡಿದರೆ ಗುಬ್ಬಿ ಕಡೆ ಇನ್ನೊಬ್ಬರು ಬಿಗಿಯಾಗಿ ಹಾಡುತ್ತಾರೆ. ಈ ವ್ಯತ್ಯಾಸವನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಅದು ಎಲ್ಲಾದರೂ ದಾಖಲಾಗಿದ್ದರೆ ಊರಿನ ವಿಡಿಯೋದವರು ತೆಗೆದ ಕ್ಯಾಸೆಟ್ಟಿನಲ್ಲಿ, ಆಮೇಲೆ ಸೀಡಿಯಲ್ಲಿ. ಮದುವೆಯ ವಿಡಿಯೋ ಒಂದು ಮನೆಯ ನೆನಪು. ನಾಟಕದ ವಿಡಿಯೋ ಒಂದು ಸೀಮೆಯ ರಂಗಭೂಮಿಯ ಚರಿತ್ರೆ. ಅದನ್ನು ನಾವು ಹಾಗೆ ಕಾಣುತ್ತಿಲ್ಲ ಎಂಬುದೇ ನನ್ನ ಸಂಕಟ.

ಕಂಪನಿ ನಾಟಕದ ಕಾಲದ ರಂಗಗೀತೆಗಳು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ಬಂದವು. ಆ ತಟ್ಟೆಯ ಗೀರಿನಲ್ಲಿ ದನಿಯ ಅಲೆ ಅಲೆಯಾಗಿಯೇ ಕೂತಿದೆ. ಸರಿಯಾದ ಮುಳ್ಳು, ಸರಿಯಾದ ವೇಗ ಇದ್ದರೆ ತೊಂಬತ್ತು ವರ್ಷದ ಮೇಲೂ ಅದು ಹಾಡುತ್ತದೆ. ಇಪ್ಪತ್ತು ವರ್ಷದ ಹಿಂದಿನ ನಮ್ಮ ಸೀಡಿಗೆ ಆ ಭಾಗ್ಯ ಇಲ್ಲ. ಅದರಲ್ಲಿರುವುದು ಬರೀ ಅಂಕಿಗಳು. ಆ ಅಂಕಿಗಳಿಂದ ಚಿತ್ರವನ್ನೂ ದನಿಯನ್ನೂ ಹೇಗೆ ಕಟ್ಟಬೇಕು ಎನ್ನುವ ಲೆಕ್ಕಕ್ಕೆ ಕೋಡೆಕ್ ಎನ್ನುತ್ತಾರೆ. ಕೆಲವು ಹಾರ್ಮೋನಿಯಂ ಮೇಷ್ಟ್ರುಗಳು ತಮ್ಮದೇ ಗುರುತುಗಳಲ್ಲಿ ಸ್ವರ ಬರೆದುಕೊಂಡ ಪುಸ್ತಕ ಇಟ್ಟಿರುತ್ತಾರಲ್ಲ, ಹಾಗೆ ಇದು. ಪುಸ್ತಕ ಹರಿದಿಲ್ಲ, ಶಾಯಿ ಮಾಸಿಲ್ಲ, ಆದರೂ ಆ ಗುರುತು ಬಲ್ಲ ಶಿಷ್ಯ ಇಲ್ಲದಿದ್ದರೆ ಹಾಡು ಹೊರಡದು. ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆ ಬದಲಾದಾಗ ಆಗುವುದು ಇದೇ. ಹಳೆಯ ಗುರುತುಗಳನ್ನು ಬಲ್ಲವರನ್ನು ಹೊಸ ವ್ಯವಸ್ಥೆ ತನ್ನ ಜೊತೆ ಕರೆದುಕೊಂಡು ಬಂದಿರುವುದಿಲ್ಲ.

ಈಗ ಆ ಸೀಡಿಯನ್ನೇ ಕೈಗೆತ್ತಿಕೊಳ್ಳೋಣ. 2000ದ ಆಚೀಚೆಯ ವರ್ಷಗಳಲ್ಲಿ ನಮ್ಮ ಸ್ಟುಡಿಯೋಗಳು ಕೊಡುತ್ತಿದ್ದುದು ಬಹುಪಾಲು ವಿಸಿಡಿ, ಅಂದರೆ ವಿಡಿಯೋ ಸೀಡಿ. 1993ರಲ್ಲಿ ಫಿಲಿಪ್ಸ್, ಸೋನಿ ಮೊದಲಾದ ಕಂಪನಿಗಳು ಸೇರಿ ಗೊತ್ತುಮಾಡಿದ ಮಾದರಿ ಅದು. ನಮ್ಮ ದೇಶದ ಟೀವಿಗೆ ಹೊಂದುವಂತೆ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳ ಚಿತ್ರ, ಸೆಕೆಂಡಿಗೆ 25 ಚೌಕಟ್ಟು, ಎಂಪೆಗ್-1 ಎಂಬ ಕೋಡೆಕ್. ಒಂದು ಡಿಸ್ಕಿಗೆ 74 ನಿಮಿಷ. ಎಂಟು ಗಂಟೆಯ ಕುರುಕ್ಷೇತ್ರ ಪೂರ್ತಿ ಬೇಕೆಂದರೆ ಏಳು ಡಿಸ್ಕು ಬೇಕು. ಅಷ್ಟು ದುಡ್ಡು ಕೊಡುವವರು ಕಡಿಮೆ, ಹಾಗಾಗಿ ಎರಡೋ ಮೂರೋ ಡಿಸ್ಕಿಗೆ ಇಳಿಸಿ, ಮುಖ್ಯ ದೃಶ್ಯಗಳನ್ನೂ ಹಾಡುಗಳನ್ನೂ ಉಳಿಸಿಕೊಡುತ್ತಿದ್ದರು. ಮೂಲ ಟೇಪು ಏನಾಯಿತು? ಟೇಪು ದುಬಾರಿ, ಮುಂದಿನ ಮದುವೆಗೆ ಅದೇ ಟೇಪಿನ ಮೇಲೆ ಚಿತ್ರೀಕರಣ ನಡೆಯುತ್ತಿದ್ದುದು ಆ ಕಸುಬು ಬಲ್ಲವರಿಗೆಲ್ಲ ಗೊತ್ತು. ಹೀಗಾಗಿ ನಿಮ್ಮ ಬೀರುವಿನಲ್ಲಿರುವ ಡಿಸ್ಕು ಅನೇಕ ಸಲ ಇರುವ ಒಂದೇ ಒಂದು ಪ್ರತಿ.

ಇದನ್ನು ಹಾಕಲು ಹೊಸ ಕಂಪ್ಯೂಟರಿನಲ್ಲಿ ಅನೇಕ ಸಲ ಸೀಡಿ ಡ್ರೈವೇ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವು ಕೊಳ್ಳಬೇಕು, ಇಲ್ಲವೇ ಯಾರಿಂದಾದರೂ ಕಡ ತರಬೇಕು. ಹಾಕಿದ ಮೇಲೆ ಎಂಪೆಗ್‌ಎವಿ ಎಂಬ ಫೋಲ್ಡರು ಕಾಣುತ್ತದೆ, ಅದರೊಳಗೆ ಎವಿಸೆಕ್01 ಎಂಬಂಥ ಹೆಸರು, ಕೊನೆಗೆ ಡಿ-ಎ-ಟಿ, ಡ್ಯಾಟ್ ಎಂಬ ಬಾಲ. ತೊಡಕು ಇರುವುದು ಆ ಬಾಲದಲ್ಲಿ. ಡ್ಯಾಟ್ ಎಂದರೆ ಬರೀ ಮಾಹಿತಿ ಎಂದಷ್ಟೇ ಅರ್ಥ. ನೂರೆಂಟು ತಂತ್ರಾಂಶಗಳು ಆ ಹೆಸರು ಬಳಸುತ್ತವೆ. ಇದು ಚಲನಚಿತ್ರ ಎಂದು ವಿಂಡೋಸಿಗೆ ತಿಳಿಯುವ ದಾರಿಯೇ ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ಯಾರೋ ಹುಡುಗ ಒಂದು ವಿಸಿಡಿ ಪ್ಲೇಯರು ಹಾಕಿಕೊಟ್ಟಿದ್ದ, ಅದು ತನ್ನಷ್ಟಕ್ಕೆ ನಡೆಯುತ್ತಿತ್ತು. ಯಂತ್ರ ಬದಲಾದಾಗ ಆ ಪ್ಲೇಯರು ಬರಲಿಲ್ಲ, ಅದು ಬರಬೇಕಿತ್ತು ಎಂದು ಯಾರಿಗೂ ನೆನಪಾಗಲಿಲ್ಲ.

ಇದಕ್ಕೆ ಮದ್ದು ಸುಲಭ, ಅದೂ ಉಚಿತ: ವಿಎಲ್‌ಸಿ. ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಚಿತ್ರವಿರುವ ಪ್ಲೇಯರು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿನ ಜಾಲದಲ್ಲಿ ಟೀವಿ ಹರಿಸಲು ಶುರುಮಾಡಿದ ಕೆಲಸ ಅದರ ಮೂಲ. 2001ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಬೆನ್ನಿಗಿರುವ ಇನ್ನೊಂದು ಮುಕ್ತ ತಂತ್ರಾಂಶ ಎಫ್‌ಎಫ್‌ಎಂಪೆಗ್, 2000ದಲ್ಲಿ ಫ್ಯಾಬ್ರಿಸ್ ಬೆಲಾರ್ ಎಂಬವರು ಆರಂಭಿಸಿದ್ದು. ವಿಂಡೋಸಿನಲ್ಲಿ ಕೋಡೆಕ್ ಇದೆಯೋ ಇಲ್ಲವೋ, ವಿಎಲ್‌ಸಿಗೆ ಅದರ ಹಂಗಿಲ್ಲ. ಬೇಕಾದ ಲೆಕ್ಕಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿದೆ. ಕೆಲವು ಕೋಡೆಕ್‌ಗಳ ಗುಟ್ಟನ್ನು ಕಂಪನಿಗಳು ಬಿಟ್ಟುಕೊಟ್ಟಿರಲಿಲ್ಲ. ಫೈಲುಗಳನ್ನು ಬೈಟು ಬೈಟಾಗಿ ಬಿಡಿಸಿ ನೋಡಿ, ಸಂಬಳವಿಲ್ಲದ ಸ್ವಯಂಸೇವಕರು ಆ ಲೆಕ್ಕವನ್ನು ಮರಳಿ ಕಟ್ಟಿದರು. ಗುಬ್ಬಿಯ ನಾಟಕ ಇವತ್ತು ಹೊಸ ಕಂಪ್ಯೂಟರಿನಲ್ಲಿ ತೆರೆಯುವುದು ಇಂಥ ಹೆಸರರಿಯದವರ ಶ್ರಮದಿಂದ. ಅವರಿಗೆ ನನ್ನ ಕೃತಜ್ಞತೆ ಸಲ್ಲಬೇಕು.

ಆದರೆ ತೆರೆದು ನೋಡುವ ಆತುರಕ್ಕೆ ಮುಂಚೆ ಪ್ರತಿ ಮಾಡಿಕೊಳ್ಳಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಸ್ಟುಡಿಯೋದಲ್ಲಿ ಬರೆದ ಸೀಡಿಯೊಳಗೆ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಬೆಳಕು, ಬಿಸಿ, ತೇವ ಮೂರಕ್ಕೂ ಅದು ಸೋಲುತ್ತದೆ. ಅದರ ಬೆನ್ನಿಗಿರುವ ಹೊಳೆಯುವ ಪದರ ಹೆಸರು ಬರೆಯುವ ಬದಿಗೇ ಹತ್ತಿರ ಇದೆ, ಆದ್ದರಿಂದ ಕೆಳಬದಿಯ ಗೀರಿಗಿಂತ ಮೇಲುಬದಿಯ ಗೀರು ಅಪಾಯಕಾರಿ. ಮೇಲೆ ಅಂಟಿಸಿದ ಕಾಗದವನ್ನು ಕೀಳಲು ಹೋಗಬೇಡಿ, ಪದರವೇ ಕಿತ್ತು ಬರಬಹುದು.

ವಿಸಿಡಿಗೆ ಇನ್ನೊಂದು ವಿಶೇಷ ದೌರ್ಬಲ್ಯ ಇದೆ. ಮಾಮೂಲಿ ಡೇಟಾ ಸೀಡಿಯಲ್ಲಿ ಒಂದೊಂದು ವಿಭಾಗಕ್ಕೆ 2048 ಬೈಟು ಮಾಹಿತಿ. ಉಳಿದ ಜಾಗದಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಅಂಕಿಗಳು ಇರುತ್ತವೆ. ವಿಸಿಡಿಯಲ್ಲಿ ಆ ಜಾಗಕ್ಕೂ ಚಿತ್ರವನ್ನೇ ತುಂಬಿ ವಿಭಾಗಕ್ಕೆ 2324 ಬೈಟು ಮಾಡಿದ್ದಾರೆ. 74 ನಿಮಿಷದ ಡಿಸ್ಕಿನಲ್ಲಿ 3,33,000 ವಿಭಾಗಗಳು, ಲೆಕ್ಕ ಹಾಕಿದರೆ ಒಂಬತ್ತು ಕೋಟಿ ಬೈಟಿನಷ್ಟು ಜಾಗ ಹೆಚ್ಚು ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಎಂದರೆ ಗೀರು ಬಿದ್ದ ಕಡೆ ಕಳೆದದ್ದನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿ ಕಡಿಮೆಯಾಯಿತು. ಟೀವಿಗೆ ಜೋಡಿಸಿದ ಪ್ಲೇಯರಾದರೆ ಅಂಥ ಕಡೆ ಒಂದೆರಡು ಚೌಕ ಚೌಕ ಕಲೆ ತೋರಿಸಿ ಮುಂದೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಫೈಲನ್ನು ಎಳೆದು ಹಾಕಿದರೆ ಹಾಗಲ್ಲ. ಅರ್ಧ ದಾರಿಯಲ್ಲಿ ದೋಷ ಎಂದು ನಿಂತುಬಿಡುತ್ತದೆ, ಅಲ್ಲಿಯವರೆಗೆ ಬಂದದ್ದನ್ನೂ ಅಳಿಸಿಬಿಡಬಹುದು.

ಅಲ್ಲಿಗೆ ಕೈಚೆಲ್ಲಬೇಡಿ. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಸುತ್ತ ಉಜ್ಜಬೇಡಿ. ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವು ಓದಲಾರೆ ಎಂದದ್ದನ್ನು ಇನ್ನೊಂದು ಓದುವುದುಂಟು. ಮೂಲೆಗೆ ಸರಿಸಿದ ಹಳೆಯ ಸಿಪಿಯುವಿನ ಡ್ರೈವು ಇಂಥ ಕೆಲಸಕ್ಕೆ ಬಲು ಉಪಯೋಗಿ, ಅದನ್ನು ಗುಜರಿಗೆ ಕೊಡುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಐಸೋಬಸ್ಟರ್‌ನಂಥ ತಂತ್ರಾಂಶಗಳಿವೆ. ವಿಸಿಡಿಯ ಈ ವಿಚಿತ್ರ ವಿಭಾಗಗಳ ಅರಿವು ಅವಕ್ಕಿದೆ, ಓದಲಾಗದ ಕಡೆ ಮತ್ತೆ ಮತ್ತೆ ಯತ್ನಿಸಿ, ಆಗದಿದ್ದರೆ ಆ ತುಣುಕು ಬಿಟ್ಟು ಮುಂದಕ್ಕೆ ಹೋಗುತ್ತವೆ. ಅಭಿಮನ್ಯುವಿನ ಹಾಡಿನಲ್ಲಿ ಎರಡು ಸೆಕೆಂಡು ಹೋದರೆ ಹೋಗಲಿ, ಉಳಿದ ಹಾಡು ಸಿಕ್ಕಿತಲ್ಲ.

ಡಿವಿಡಿಗೆ ಕಷ್ಟ ಇಷ್ಟಿಲ್ಲ. 2012ರ ವಿಂಡೋಸ್ 8ರಿಂದ ಡಿವಿಡಿ ನಡೆಸುವ ಸೌಕರ್ಯವನ್ನು ಮೈಕ್ರೋಸಾಫ್ಟ್ ಮೂಲ ವ್ಯವಸ್ಥೆಯಿಂದ ತೆಗೆದುಹಾಕಿತು, ಆದರೆ ವಿಎಲ್‌ಸಿ ಅದನ್ನೂ ತೆರೆಯುತ್ತದೆ. ಡಿಸ್ಕಿನಲ್ಲಿರುವ ವಿಡಿಯೋ-ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ, ಒಂದೊಂದೇ ಫೈಲು ಹೆಕ್ಕಬೇಡಿ.

ಇನ್ನು ಹಳೆಯ ಹಾರ್ಡ್‌ಡಿಸ್ಕಿನಿಂದ ಹೊಸದಕ್ಕೆ ಬಂದ ಫೈಲುಗಳು. ಎವಿಐ ಎಂಬ ಬಾಲದ ಫೈಲುಗಳಲ್ಲಿ ಕೆಲವಕ್ಕೆ ದನಿ ಬರುತ್ತದೆ, ಚಿತ್ರ ಬರುವುದಿಲ್ಲ. ಒಳಗಿನ ಕೋಡೆಕ್ ಇಂಡಿಯೋದಂಥ ತೊಂಬತ್ತರ ದಶಕದ್ದು ಇರಬಹುದು. ಭದ್ರತೆಯ ದೋಷಗಳ ಕಾರಣ ವಿಂಡೋಸ್ ಅದನ್ನು ಕೈಬಿಟ್ಟಿದೆ. ಮಗಳು ಅಮೆರಿಕದಲ್ಲಿದ್ದು ಆಪಲ್ ಕಂಪ್ಯೂಟರು ಬಳಸುತ್ತಿದ್ದರೆ ಅವಳಿಗೆ 2019ರಲ್ಲೇ ಈ ಕಷ್ಟ ಬಂದಿರುತ್ತದೆ. ಆ ವರ್ಷ ಬಂದ ಕ್ಯಾಟಲೀನಾ ಆವೃತ್ತಿ 32 ಬಿಟ್ಟಿನ ತಂತ್ರಾಂಶಗಳನ್ನು ಪೂರಾ ನಿಲ್ಲಿಸಿತು, ಅದರೊಡನೆ ಹಳೆಯ ಕ್ವಿಕ್‌ಟೈಮ್ ಫೈಲುಗಳೂ ಮೂಕವಾದವು. ದೂರದ ದೇಶದಲ್ಲಿದ್ದ ಕನ್ನಡಿಗರು ನಿಧಾನದ ಟೆಲಿಫೋನ್ ಲೈನಿನಲ್ಲಿ ಭಾವಗೀತೆ ಕೇಳುತ್ತಿದ್ದ ದಿನಗಳ ರಿಯಲ್ ಆಡಿಯೋ ಫೈಲುಗಳೂ ಹೀಗೇ. ಈ ಮೂರಕ್ಕೂ ಮೊದಲು ವಿಎಲ್‌ಸಿಯನ್ನೇ ಪ್ರಯತ್ನಿಸಿ. ಒಳಗಿರುವ ಕೋಡೆಕ್ ಯಾವುದೆಂದು ತಿಳಿಯಬೇಕಾದರೆ ಮೀಡಿಯಾಇನ್ಫೋ ಎಂಬ ಸಣ್ಣ ಉಚಿತ ತಂತ್ರಾಂಶ ಹೇಳುತ್ತದೆ.

ವಿಎಲ್‌ಸಿಗೂ ಬಗ್ಗದವು ಕೆಲವಿವೆ. ಫ್ಲ್ಯಾಷ್‌ನಲ್ಲಿ ಮಾಡಿದ ಮಕ್ಕಳ ಪಾಠ, ಆಟಗಳು: ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಮುಗಿಸಿತು. ರಫಲ್ ಎಂಬ ಮುಕ್ತ ತಂತ್ರಾಂಶ ಅವುಗಳಲ್ಲಿ ಅನೇಕವನ್ನು ಮತ್ತೆ ನಡೆಸುತ್ತದೆ. ತೊಂಬತ್ತರ ದಶಕದ ಕಲಿಕೆಯ ಸೀಡಿಗಳಲ್ಲಿ ಕೆಲವು 16 ಬಿಟ್ಟಿನವು. ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ, ಅದು 16 ಬಿಟ್ಟಿನ ತಂತ್ರಾಂಶವನ್ನು ನಡೆಸದು. ಆದರೆ ಸೀಡಿಯೊಳಗೆ ಇಳಿದು ಹುಡುಕಿದರೆ ಹಾಡಿನ, ಚಿತ್ರದ ಫೈಲುಗಳು ಬಿಡಿಬಿಡಿಯಾಗಿ ಸಿಗಬಹುದು.

ನಿಜವಾಗಿ ಕಠಿಣವಾದದ್ದು ಒಂದೇ, ಪರವಾನಗಿ ಬಿಗಿದ ಹಾಡುಗಳು. ವಿಂಡೋಸ್ ಮೀಡಿಯಾ ಪ್ಲೇಯರಿನ ಹಿಂದಿನ ಆವೃತ್ತಿಗಳಲ್ಲಿ ನಿಮ್ಮದೇ ಸೀಡಿಯ ಹಾಡನ್ನು ಕಂಪ್ಯೂಟರಿಗೆ ಇಳಿಸುವಾಗ ನಕಲು ರಕ್ಷಣೆ ಎಂಬ ಆಯ್ಕೆ ಇತ್ತು. ಅದು ಚಾಲೂ ಇದ್ದರೆ ಹಾಡಿಗೆ ಬೀಗ ಬಿದ್ದು, ಬೀಗದ ಕೈ ಆ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು. ಹಾಡು ಹೊಸ ಯಂತ್ರಕ್ಕೆ ಬಂದರೂ ಬೀಗದ ಕೈ ಬರದು. ಇಲ್ಲಿ ವಿಎಲ್‌ಸಿಯೂ ಏನೂ ಮಾಡಲಾರದು. ಹಳೆಯ ಯಂತ್ರ ಇನ್ನೂ ಜೀವಂತ ಇದ್ದರೆ ಅದರಲ್ಲಿ ಹಾಡು ನುಡಿಸುತ್ತಲೇ ಹೊಸದಾಗಿ ಧ್ವನಿಮುದ್ರಿಸಿಕೊಳ್ಳಬಹುದು. ಇಲ್ಲದಿದ್ದರೆ ಮೂಲ ಸೀಡಿ ಹುಡುಕಬೇಕು. ಜನ ತಮ್ಮ ಹಣದಿಂದ ಕೊಂಡ ಹಾಡನ್ನು ಹೀಗೆ ಒಂದು ಪೆಟ್ಟಿಗೆಗೆ ಕಟ್ಟಿಹಾಕಿದ್ದು ನ್ಯಾಯವಲ್ಲ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಫೈಲು ತೆರೆಯದಿದ್ದಾಗ ಅಂತರಜಾಲದಲ್ಲಿ ಹುಡುಕಿ, ಈ ಕೋಡೆಕ್ ಇಳಿಸಿಕೊಳ್ಳಿ ಎಂದು ಸಿಕ್ಕಿದ ಕಡೆ ಒತ್ತಬೇಡಿ. ಕೋಡೆಕ್ ವೇಷದಲ್ಲಿ ವೈರಸ್ ಹಂಚುವುದು ಬಹಳ ಹಳೆಯ ಮೋಸ. ವಿಎಲ್‌ಸಿಯನ್ನು ಅದನ್ನು ರೂಪಿಸಿದ ವಿಡಿಯೋಲ್ಯಾನ್ ಸಂಸ್ಥೆಯ ತಾಣದಿಂದಲೇ ತೆಗೆದುಕೊಳ್ಳಿ. ಹಾಗೆಯೇ ಮನೆಯವರ ವಿಡಿಯೋವನ್ನು ಗುರುತಿಲ್ಲದ ಪರಿವರ್ತನೆಯ ತಾಣಗಳಿಗೆ ಏರಿಸಬೇಡಿ. ನಮ್ಮ ಹೆಣ್ಣುಮಕ್ಕಳ, ಮಕ್ಕಳ ಮುಖಗಳು ಎಲ್ಲಿಗೆ ಹೋದವು ಎಂದು ಆಮೇಲೆ ಕೇಳುವವರಿಲ್ಲ.

ನಕಲು ಆಯಿತು, ತೆರೆಯಿತು. ಈಗ ಫೋನಿನಲ್ಲಿ ನೋಡಬೇಕು, ನೆಂಟರಿಗೆ ಕಳಿಸಬೇಕು. ಅದಕ್ಕೆ ಎಂಪಿ4 ಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ಆದರೆ ಎಂಪಿ4 ಆಯಿತೆಂದು ಮೂಲದ ಡ್ಯಾಟ್ ಫೈಲನ್ನು ಅಳಿಸಬೇಡಿ. ಪ್ರತಿ ಸಲ ಪರಿವರ್ತನೆ ಮಾಡಿದಾಗಲೂ ಚಿತ್ರ ಒಂದಿಷ್ಟು ಸವೆಯುತ್ತದೆ, ಕಳೆದದ್ದು ಮರಳಿ ಬರದು. ಮುಂದೆ ಇದಕ್ಕಿಂತ ಒಳ್ಳೆಯ ಸಾಧನ ಬಂದಾಗ ಮೂಲದಿಂದಲೇ ಮತ್ತೆ ಮಾಡಿಕೊಳ್ಳಬಹುದು. ಚಿತ್ರವನ್ನು ಹಿಗ್ಗಿಸಿ ಎಚ್‌ಡಿ ಮಾಡಿಕೊಡುತ್ತೇವೆ ಎಂಬವರಿದ್ದಾರೆ. ಬೇಕಿದ್ದರೆ ಅದನ್ನೂ ಮಾಡಿಸಿ, ಆದರೆ ಅದೇ ಮೂಲ ಎಂದುಕೊಳ್ಳಬೇಡಿ. 352 ಚುಕ್ಕಿಯ ಚಿತ್ರದಲ್ಲಿ ಇಲ್ಲದ ಮುಖದ ಗೆರೆಗಳನ್ನು ಯಂತ್ರ ಊಹಿಸಿ ಬರೆದಿರುತ್ತದೆ. ಅದು ನಿಮ್ಮ ಅಜ್ಜನ ಮುಖವೇ ಎಂದು ಯಂತ್ರಕ್ಕೆ ಗೊತ್ತಿಲ್ಲ.

ಮೂಲ ಫೈಲು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿರಲಿ. ಒಂದು ಸತ್ಯಮಂಗಲದ ಮನೆಯಲ್ಲಿದ್ದರೆ ಇನ್ನೊಂದು ಕುಣಿಗಲ್ಲಿನ ತಮ್ಮನ ಮನೆಯಲ್ಲಿರಲಿ.

ನಾಟಕದವರಿಗೆ ಇನ್ನೊಂದು ವಿಷಯ. ಡಿಸ್ಕಿನ ಜೊತೆಗೆ ಅನೇಕ ಸಂಘಗಳಲ್ಲಿ ನಾಟಕದ ಮಾತು, ಪದ್ಯಗಳನ್ನು ಡಿಟಿಪಿ ಮಾಡಿಸಿದ ಫೈಲುಗಳೂ ಇವೆ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡದ ಬದಲು ಕೊಂಬು, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದೂ ಹಾಳಾದದ್ದಲ್ಲ. ಹಳೆಯ ಫಾಂಟು ಹಾಕಿದರೆ ಅಕ್ಷರ ಮರಳುತ್ತದೆ, ಯುನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ತಪ್ಪು ನುಸುಳುವುದು ಅಲ್ಲೇ.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ. ಚಿತ್ರ ತೆರೆಯಿತು, ಹಾಡು ಕೇಳಿಸಿತು, ಆದರೆ ಭೀಮನ ಪಾರ್ಟಿನವರು ಯಾರು? ಹಾರ್ಮೋನಿಯಂ ಯಾರದು? ಸೀನರಿ ಎಲ್ಲಿಯದು? ಯಾವ ಊರಿನ ಯಾವ ಹಬ್ಬ, ಯಾವ ವರ್ಷ? ಡಿಸ್ಕಿನ ಮೇಲೆ ಬರೀ ಕುರುಕ್ಷೇತ್ರ ಎಂದು ಮಾರ್ಕರಿನಲ್ಲಿ ಬರೆದಿರುತ್ತದೆ. ಬಣ್ಣ ಹಚ್ಚಿದ ಮುಖವನ್ನು ಗುರುತು ಹಿಡಿಯಬಲ್ಲವರು ಜೊತೆಗೆ ಪಾರ್ಟು ಮಾಡಿದವರು, ಅವರ ಮನೆಯವರು. ಅವರಿಗೆ ಈಗ ವಯಸ್ಸಾಗಿದೆ. ಅವರನ್ನು ಕೂರಿಸಿಕೊಂಡು ವಿಡಿಯೋ ಹಾಕಿ, ಅವರು ಹೇಳಿದ ಹಾಗೆ ಒಂದೊಂದು ಪಾತ್ರದ ಎದುರು ಒಂದೊಂದು ಹೆಸರು ಬರೆದುಕೊಳ್ಳಿ, ಯಾವ ಹಾಡು ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದೂ ಬರೆದುಕೊಳ್ಳಿ. ಯುನಿಕೋಡ್ ಕನ್ನಡದಲ್ಲಿ, ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದರೆ ಮುಂದಿನ ಯಾವ ವ್ಯವಸ್ಥೆ ಬಂದರೂ ಅದು ತೆರೆಯುತ್ತದೆ. ಆ ಫೈಲನ್ನು ವಿಡಿಯೋ ಇರುವ ಫೋಲ್ಡರಿನಲ್ಲೇ ಇಡಿ, ಅದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಡಿಸ್ಕಿನ ಡಬ್ಬಿಯೊಳಗೂ ಇಡಿ.